ಪೊರೆಯನ್ನು ದಾಟಿದ ವಾಯು

ಊದಿ ಕಟ್ಟಿದ ಬಲೂನು ಮರುದಿನ ಕುಗ್ಗಿದರೆ ನಮ್ಮ ಬೆಳುಗುಪ್ಪದ ಮಕ್ಕಳು ಗಂಟನ್ನು ದೂರುವರು. ದೋಷವು ಗಂಟಿನದೇ ಆಗಬೇಕಿಲ್ಲ. ವಾಯುವು ರಬ್ಬರನ್ನೇ ದಾಟುವುದೆಂಬುದನ್ನು 1831ರಲ್ಲಿ ಅಮೆರಿಕದ ವೈದ್ಯ ಮಿಚೆಲ್ ಕಂಡನು. 1866ರಲ್ಲಿ ಥಾಮಸ್ ಗ್ರಹಾಂ ಅಳೆದು ನೋಡಲು, ಇಂಗಾಲದ ಡೈಆಕ್ಸೈಡು ಸಾರಜನಕಕ್ಕಿಂತ ಸುಮಾರು 13.6 ಪಟ್ಟು ಬೇಗ ದಾಟಿತು! ಹಗುರವಾದ ವಾಯುವೇ ಬೇಗ ಹರಡುವುದೆಂಬ ನಿಯಮವನ್ನು ಹೇಳಿದವನೂ ಅವನೇ. ಇಲ್ಲಿಯಾದರೋ ಭಾರದ ವಾಯುವೇ ಮುಂದು. ತನ್ನ ನಿಯಮವನ್ನು ಇಲ್ಲಿಗೂ ಎಳೆದು ತರದೆ, ವಾಯುವು ರಂಧ್ರದಲ್ಲಿ ನುಸುಳದೆ ರಬ್ಬರಿನಲ್ಲಿ ಕರಗಿ ಆಚೆಗೆ ಹೊಮ್ಮುವುದೆಂದು ಅವನು ವಿವರಿಸಿದನು. ನನಗೆ ಅವನ ಹಿರಿಮೆ ತೋರುವುದು ಇಲ್ಲಿಯೇ.

1960ರ ಸುಮಾರಿಗೆ ಲೋಬ್ ಮತ್ತು ಭಾರತದಲ್ಲಿ ಜನಿಸಿದ ಸೌರಿರಾಜನ್ ಉಪ್ಪುನೀರನ್ನು ಸಿಹಿಗೊಳಿಸಲು ತೆಳುಪೊರೆಯನ್ನು ರಚಿಸಿದರು. 1980ರ ದಶಕದಲ್ಲಿ ಅದೇ ಬಗೆಯ ಪೊರೆಯು ನೈಸರ್ಗಿಕ ಅನಿಲದಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸತೊಡಗಿತು. ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಮಾತ್ರ ಈ ಕಾರ್ಯ ಕಠಿಣ. ಅಲ್ಲಿ ವಾಯುವನ್ನು ಪೊರೆಯಾಚೆಗೆ ನೂಕುವಷ್ಟು ಒತ್ತಡವಿಲ್ಲ.