ಹಳೆಯ ನಕ್ಷೆಯಲ್ಲಿ ನಿಮ್ಮ ಊರು ಕಾಣುತ್ತಿಲ್ಲವೇ? ಊರು ಹುಡುಕುವ ಸರಿಯಾದ ದಾರಿ ಇಲ್ಲಿದೆ

ಅಜ್ಜನ ಶಾಲಾ ದಾಖಲೆಯಲ್ಲಿ ಹುಟ್ಟೂರು ‘ಕ್ಲೋಸ್‌ಪೇಟೆ’ ಎಂದಿದೆ, ಅಂಥ ಊರೇ ಇಲ್ಲವಲ್ಲ ಎಂದು ಕೈಚೆಲ್ಲುವವರಿದ್ದಾರೆ. ಊರು ಎಲ್ಲಿಗೂ ಹೋಗಿಲ್ಲ, ಅದೇ ಇಂದಿನ ರಾಮನಗರ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರಿಂದ ಬಂದ ಹೆಸರದು. ಭೂವಿಜ್ಞಾನಿಗಳು ಮಾತ್ರ ಇಲ್ಲಿನ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕನಕಪುರವೂ ಹಾಗೆಯೇ, ಹಳೆಯ ನಕ್ಷೆಗಳಲ್ಲಿ ಅದು ಕಾನಕಾನಹಳ್ಳಿ.

ಜಿಲ್ಲೆಯ ಹೆಸರಂತೂ ಇನ್ನೂ ಗೊಂದಲ. 1986ರವರೆಗೆ ಬೆಂಗಳೂರು, ಬಳಿಕ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಹಾಗಾಗಿ ಹೆಸರಿನ ಬದಲು ಜಾಗದಿಂದ ಹುಡುಕಾಟ ಶುರು ಮಾಡಿ ಎನ್ನುತ್ತೇವೆ ನಾವು. ಮಾಗಡಿಯವರಿಗೆ ಸಾವನದುರ್ಗವಿದೆ, ಕನಕಪುರದವರಿಗೆ ಅರ್ಕಾವತಿ ಇದೆ. ಆದರೆ ನೀರನ್ನು ಪೂರ್ತಿ ನಂಬಬೇಡಿ: ಚನ್ನಪಟ್ಟಣದ ಕಣ್ವ ಜಲಾಶಯ 1940ರ ದಶಕದ್ದು. ಅದಕ್ಕೂ ಹಿಂದಿನ ನಕ್ಷೆಯಲ್ಲಿ ಅಲ್ಲಿ ಬರೀ ಹೊಳೆ ಕಾಣುತ್ತದೆ.

ಸರ್ವೆ ಆಫ್ ಇಂಡಿಯಾದ ಟೋಪೋಶೀಟ್‌ಗಳಲ್ಲಿ ಈ ನಾಲ್ಕೂ ಪಟ್ಟಣಗಳು 57 ಎಚ್ ಸರಣಿಯಲ್ಲಿ ಬರುತ್ತವೆ. ಹಳೆಯವು ಒಂದು ಇಂಚಿಗೆ ಒಂದು ಮೈಲಿ ಅಳತೆಯವು. ಬೆಟ್ಟ, ಕೆರೆ, ಗಾಡಿದಾರಿ ಸಿಗುತ್ತವೆ, ಮನೆತನ ಸಿಗದು. ಅದಕ್ಕೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಬೇಕು. ಇಲಾಖೆಯ ಜಾಲತಾಣದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಸರ್ವೆ ನಂಬರ್ ಸಹಿತ ಸಿಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಕೆಲವು ಗ್ರಾಮಗಳಿಗೆ ನಕ್ಷೆ ಇದೆ, ಸರ್ವೆ ನಂಬರ್ ಇದೆ, ಒಂದು ಮನೆಯೂ ಇಲ್ಲ. ಇವನ್ನು ‘ಬೇಚಿರಾಕ್’ ಎನ್ನುತ್ತಾರೆ. ಪಾರ್ಸಿ ಮೂಲದ ಈ ಪದಕ್ಕೆ ದೀಪವಿಲ್ಲದ್ದು ಎಂದರ್ಥ. “ನಮ್ಮ ಮೂಲ ಊರು ಹಾಳುಬಿತ್ತು, ದೇವರು ಮಾತ್ರ ಅಲ್ಲೇ ಇದೆ” ಎಂದು ಅಜ್ಜಿ ಹೇಳಿದ್ದರೆ ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕುವ ಮುನ್ನ ಅಕ್ಕಪಕ್ಕದ ಬೇಚಿರಾಕ್ ಗ್ರಾಮಗಳ ಪಟ್ಟಿ ನೋಡಿ.

ಇನ್ನು, “ನಕ್ಷೆಯಲ್ಲಿ ನಂಬರ್ ಇದೆ, ಜಮೀನು ನಮ್ಮದೇ” ಎಂಬುದು ತಪ್ಪು. ಗ್ರಾಮ ನಕ್ಷೆ ಗಡಿ ತೋರಿಸುತ್ತದೆ, ಒಡೆತನವನ್ನಲ್ಲ. ಹೆಸರುಗಳಿಗೆ ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕೈಬರಹದ ಪಹಣಿ, ಮ್ಯುಟೇಶನ್ ದಾಖಲೆ ಕೇಳಬೇಕು. ಪೋಡಿಯಾಗಿ 45 ಎಂಬ ನಂಬರ್ 45/1, 45/2 ಆಗಿರಬಹುದು, ಹಳೆಯ ದಾಖಲೆಗೆ ಮೂಲ ನಂಬರನ್ನೇ ಕೊಡಿ.

ಕಚೇರಿಗೆ ಹೋಗುವ ಮುನ್ನ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ಮನೆಯ ಹಿರಿಯರ ಮುಂದೆ ಹರಡಿ. ನಂಬರ್ ಅವರಿಗೆ ಗೊತ್ತಿರಲಿಕ್ಕಿಲ್ಲ, ಆದರೆ ಕೆರೆ ಕೋಡಿ ತೋರಿಸಿದರೆ ಕಣ ಎಲ್ಲಿತ್ತು, ಯಾರ ಹೊಲ ಯಾವ ಕಡೆ ಎಂದು ಬೆರಳಿಟ್ಟು ಹೇಳುತ್ತಾರೆ. ಅದನ್ನು ಅಲ್ಲೇ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.