ತೋಟದ ಮನೆಯ ಚರಿತ್ರೆ

ಪಟ್ಟಣದ ಗದ್ದಲಕ್ಕೆ ಬೇಸತ್ತವರು ಹಳ್ಳಿಯ ಮಗ್ಗುಲಲ್ಲಿ ಒಂದಿಷ್ಟು ನೆಲ ಕೊಂಡು, ನಾಲ್ಕು ಮಡಿ ಕಾಯಿಪಲ್ಯ ಬೆಳೆದುಕೊಂಡು ಅಲ್ಲಿಯೇ ಇದ್ದುಬಿಡಬೇಕೆಂದು ಹಂಬಲಿಸುವುದುಂಟು. ಹೊಲದ ನಡುವಿನ ಮನೆಯೆಂದರೆ ಅನಾದಿಯಿಂದ ನಡೆದುಬಂದ ಬಾಳುವೆ ಎಂಬುದು ಅವರ ಭಾವನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ತಿರುಗಾಡಿದವರಿಗೂ ಹಾಗೆಯೇ ಅನಿಸೀತು. ಊರು ದಾಟಿದರೂ ಇಲ್ಲಿ ಮನೆಗಳು ಮುಗಿಯುವುದಿಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಬಾವಿ. ಆದರೆ ಈ ಬಾಳುವೆಗೆ ಅಷ್ಟು ವಯಸ್ಸಾಗಿಲ್ಲ. ಇದರ ಬಹುಭಾಗ ನಮ್ಮ ಅಜ್ಜ, ಮುತ್ತಜ್ಜಂದಿರ ಕಾಲದ್ದು.

ಮೊದಲು ಒಕ್ಕಲಿಗನ ಮನೆ ಊರೊಳಗೇ ಇರುತ್ತಿತ್ತು. ಅಗಸಿ, ಕಾವಲಿನ ಹುಡೆ, ನೆಲದೊಳಗಿನ ಕಾಳಿನ ಹಗೆ—ಇವೆಲ್ಲ ಅಂಜಿಕೆ ಕಟ್ಟಿಸಿದ ಕಟ್ಟಡಗಳು. 19ನೆಯ ಶತಮಾನದ ಆರಂಭದಲ್ಲಿ ಚಿಕ್ಕೋಡಿ, ಮನೋಳಿ ಸೀಮೆಗಳಿಗಾಗಿ ಕೊಲ್ಲಾಪುರದವರಿಗೂ ನಿಪ್ಪಾಣಿಯ ದೇಸಾಯಿಗೂ ಕಾದಾಟ ನಡೆದಿತ್ತು. ಪಿಂಡಾರಿಗಳ ಹಾವಳಿ ಅಡಗಿದ್ದು 1818ರ ಸುಮಾರಿಗೆ. ಅಂಥ ದಿನಗಳಲ್ಲಿ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೊಲದಲ್ಲಿ ರಾತ್ರಿ ಕಳೆಯುವ ಎದೆ ಯಾರಿಗಿದ್ದೀತು?

ಅಂಜಿಕೆ ಹೋದ ಕೂಡಲೇ ಜನ ಹೊಲಕ್ಕೆ ಹೋಗಲಿಲ್ಲ. ಕಾರಣ ಸರಳವಾಗಿದೆ: ಜೋಳಕ್ಕೆ ಮಳೆ ಸಾಕು, ಬದನೆಗೆ ಮನುಷ್ಯ ಬೇಕು. ಬಿತ್ತಿದ ಜೋಳ ಒಕ್ಕಲಿಗನನ್ನು ದಿನಾಲು ಕರೆಯುವುದಿಲ್ಲ. ಬದನೆ, ಹೀರೆ, ಮೆಂತ್ಯೆಗಳಿಗಾದರೋ ಇಂದು ನೀರು, ನಾಳೆ ಕಳೆ, ನಾಡದು ಸಂತೆ. ಆದ್ದರಿಂದ ನೀರು ಬಂದ ಮೇಲೆಯೇ ಮನೆಯೂ ಬಂತು. 1876ರಿಂದ 78ರವರೆಗಿನ ಭೀಕರ ಬರದ ಬಳಿಕ, 1883ರ ಭೂಸುಧಾರಣಾ ಸಾಲದ ಕಾಯದೆಯಿಂದಾಗಿ ಬಾವಿ ತೋಡಲು ತಗಾವಿ ಸಿಗತೊಡಗಿತು. 1890ರ ಹೊತ್ತಿಗೆ ಬೆಳಗಾವಿ, ಮಿರಜ, ಪುಣೆಗಳನ್ನು ರೈಲು ಕೂಡಿಸಿತು. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಾರಖಾನೆಯನ್ನು ಕುಂಡಲ ರೋಡಿಗೆ ಒಯ್ದರು; ಅದೇ ಕಿರ್ಲೋಸ್ಕರವಾಡಿ. ಎತ್ತು ಹೂಡಿ ತೊಗಲ ಚೀಲದಿಂದ ನೀರೆತ್ತುವಲ್ಲಿ ಎಂಜಿನ್ನು ಬಂತು. ಆಮೇಲೆ ವಿದ್ಯುತ್ ಪಂಪು. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಹುಟ್ಟಿತು. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. 1956ರಲ್ಲಿ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯಗಳು ಬದಲಾದವು, ತೋಟಗಳು ಮಾತ್ರ ಬೆಳೆಯುತ್ತಲೇ ಹೋದವು.

ನಮ್ಮ ಅಜ್ಜ ಊರು ಬಿಟ್ಟು ತೋಟಕ್ಕೆ ಬಂದದ್ದು 1960ರ ದಶಕದಲ್ಲಿ, ಬಾವಿಗೆ ಎಂಜಿನ್ನು ಕೂರಿಸಿದ ವರ್ಷ. ಆಯಿಗೆ ಇದು ಒಪ್ಪಿಗೆಯಿರಲಿಲ್ಲವಂತೆ. “ಅಲ್ಲಿ ಯಾರ ಕೂಡ ಮಾತಾಡ್ಲಿ? ಎತ್ತಿನ ಕೂಡ ಮಾತಾಡ್ಲೇನು?” ಎಂದು ಕೇಳಿದ್ದಳಂತೆ. ಹಾವು ಚೇಳು, ನರಿಯ ಕೂಗು, ಕಂದೀಲು ಹಿಡಿದು ನಡುರಾತ್ರಿ ನೀರು ತಿರುವುವುದು—ನಮಗೆ ಮಕ್ಕಳಿಗೆ ಇವೆಲ್ಲ ಸಾಹಸದ ಕಥೆಗಳು. ಅವಳಿಗೆ ದಿನದ ಬದುಕು. ನಾವು ಒಣಸೋರೆಯ ಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿಯುತ್ತಿದ್ದಾಗ, ಆಕೆ ಬಚ್ಚಲ ನೀರು ಹರಿಯುವಲ್ಲಿ ಪುಂಡಿ, ರಾಜಗಿರಿ, ಚವಳಿಗಳ ಮಡಿ ಕಟ್ಟುತ್ತಿದ್ದಳು. ಅದನ್ನು ಸಂತೆಯಲ್ಲಿ ಮಾರಿ ಬಂದ ಹಣ ಆಕೆಯ ಸೆರಗಿನ ಗಂಟಿನದು. ಅದರ ಲೆಕ್ಕ ಅಜ್ಜನೂ ಕೇಳುತ್ತಿರಲಿಲ್ಲ. ಮಾತಿಗೆ ಜನವಿಲ್ಲವೆಂದು ಅತ್ತವಳನ್ನು ತೋಟದಲ್ಲಿ ನೆಲೆ ನಿಲ್ಲಿಸಿದ್ದು ಆ ಗಂಟೇ ಇರಬೇಕು.

ಈ ವಲಸೆಯನ್ನು ಯಾವ ಶಾಸನವೂ ಹೇಳುವುದಿಲ್ಲ. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ದಂಥ ಕಾದಂಬರಿಯಲ್ಲಿ ಈ ಕಡೆಯ ಒಕ್ಕಲು ಮನೆತನದ ಬದುಕು ಕಾಣಸಿಗುತ್ತದೆ. ಇನ್ನೊಂದು ದಾಖಲೆ ಸರಕಾರಿ ಶಾಲೆಗಳ ಹಲಗೆ. ಇಲ್ಲಿ ಎಷ್ಟೋ ಪ್ರಾಥಮಿಕ ಶಾಲೆಗಳಿಗೆ ಊರ ಹೆಸರಿನೊಡನೆ ಒಂದು ಮನೆತನದ ಅಡ್ಡಹೆಸರು ಸೇರಿ, ಕೊನೆಗೆ ‘ತೋಟ’ ಎಂದಿರುತ್ತದೆ. ಮನೆಗಳು ಹೊಲಕ್ಕೆ ಹೋದವು, ಮಕ್ಕಳು ಹುಟ್ಟಿದರು, ಶಾಲೆ ಅವರ ಬೆನ್ನಟ್ಟಿ ಬಂತು. ಇದಕ್ಕಿಂತ ಸ್ಪಷ್ಟವಾದ ಶಾಸನ ಬೇಕೆ?

ಈಗ ಕಬ್ಬು ಮನೆಯಂಗಳದವರೆಗೂ ಬಂದಿದೆ. ಎಳೆಗಬ್ಬಿನ ಸಾಲುಗಳಲ್ಲಿ ಉಳ್ಳಾಗಡ್ಡಿ, ಕೊತ್ತಂಬರಿ ಹಾಕುವವರು ಇನ್ನೂ ಇದ್ದಾರೆ. ಆದರೆ ನಮ್ಮ ತೋಟದಲ್ಲಿ ಆಯಿಯ ಮಡಿಗಳಿದ್ದ ಜಾಗದಲ್ಲಿ ಕಬ್ಬೇ ನಿಂತಿದೆ. ಕಾಯಿಪಲ್ಯವನ್ನು ಪೇಟೆಯಿಂದ ತರುತ್ತೇವೆ. ಕಾರಖಾನೆಯ ಬಿಲ್ಲು ಬರುವುದು ಖಾತೆಯಲ್ಲಿರುವ ಗಂಡಸಿನ ಹೆಸರಿಗೆ. 2019ರ ಆಗಸ್ಟಿನ ಮಹಾಪೂರದಲ್ಲಿ ಮುಳುಗಿದ ನದಿದಂಡೆಯ ತೋಟದ ಮನೆಗಳಿಗೆ ಜನ ಕೆಸರು ಬಳಿದು ಮರಳಿದರು. ನೆಲದ ನಂಟು ಹೊಳೆಗೆ ಹರಿದುಹೋಗುವಂಥದಲ್ಲ. ಆದರೆ ಹೆಂಗಸಿನ ಸೆರಗಿನ ಗಂಟು ಸದ್ದಿಲ್ಲದೆ ಕರಗಿದ್ದನ್ನು ಯಾವ ಪಂಚನಾಮೆಯೂ ಬರೆದುಕೊಳ್ಳುವುದಿಲ್ಲ. ತೋಟದ ಮನೆಯ ಚರಿತ್ರೆ ಬರೆಯುವವರು ಬಾವಿ, ಎಂಜಿನ್ನು, ಕಾರಖಾನೆಗಳ ಜೊತೆಗೆ ಬಚ್ಚಲ ಹಿಂದಿನ ಆ ನಾಲ್ಕು ಮಡಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.