ರೋಗನಿರ್ಣಯವೂ ರೋಗಿಯ ನುಡಿಯೂ

ದೇಹದ ಅನೇಕ ಕಾಯಿಲೆಗಳನ್ನು ರಕ್ತ, ಮೂತ್ರ, ಕ್ಷಕಿರಣ ಮೊದಲಾದ ಪರೀಕ್ಷೆಗಳಿಂದ ಖಚಿತಪಡಿಸಿಕೊಳ್ಳಬಹುದು. ಬಹುತೇಕ ಮನೋರೋಗಗಳಿಗೆ ಇಂದಿಗೂ ಅಂಥ ಪರೀಕ್ಷೆಯಿಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಅಪಸ್ಮಾರ, ಮಾದಕವಸ್ತುಗಳ ಪರಿಣಾಮ ಮುಂತಾದವು ಕಾರಣವಲ್ಲವೆಂದು ತಿಳಿಯಲು ಪ್ರಯೋಗಾಲಯವು ನೆರವಾಗುತ್ತದೆ; ಅದರಾಚೆಗಿನ ನಿರ್ಣಯವು ರೋಗಿಯ ಮಾತು, ನಡವಳಿಕೆ, ಮನೆಯವರು ಕೊಡುವ ವಿವರ ಇವುಗಳನ್ನೇ ಅವಲಂಬಿಸಿದೆ. ಆದುದರಿಂದ ಮನೋರೋಗ ನಿರ್ಣಯದ ಇತಿಹಾಸವು ವೈದ್ಯಶಾಸ್ತ್ರದ ಇತಿಹಾಸವಾಗಿರುವಂತೆಯೇ ಭಾಷಾವ್ಯವಹಾರದ ಇತಿಹಾಸವೂ ಆಗಿದೆ. ಹೊರನಾಡಿನ ಕನ್ನಡ ಸಂಶೋಧಕರು ಇದನ್ನು ಏಕೆ ಗಮನಿಸಬೇಕೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮನಸ್ಸಿನ ವಿಕಾರಗಳನ್ನು ವಿಂಗಡಿಸುವ ಯತ್ನ ಹೊಸದಲ್ಲ. ಚರಕಸಂಹಿತೆಯು ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ ಮತ್ತು ಆಗಂತು ಎಂದು ಐದು ಬಗೆಯಾಗಿ ಹೇಳುತ್ತದೆ. ಆಧುನಿಕ ವರ್ಗೀಕರಣಕ್ಕೆ ಅಡಿಪಾಯ ಹಾಕಿದವನು ಜರ್ಮನಿಯ ಎಮಿಲ್ ಕ್ರೆಪೆಲಿನ್. ರೋಗವು ವರ್ಷಾನುಗಟ್ಟಲೆ ಸಾಗುವ ಗತಿಯನ್ನು ಗಮನಿಸಿ ಆತನು 1899ರಲ್ಲಿ 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂಬ ವ್ಯಾಧಿಯನ್ನು ಉನ್ಮಾದ-ಖಿನ್ನತೆಯ ವ್ಯಾಧಿಯಿಂದ ಬೇರ್ಪಡಿಸಿದನು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಮೊದಲನೆಯದಕ್ಕೆ 'ಸ್ಕಿಜೋಫ್ರೀನಿಯಾ' ಎಂಬ ಹೊಸ ಹೆಸರನ್ನಿಟ್ಟನು. ಆಲೋಚನೆ, ಭಾವನೆ, ಇಚ್ಛೆಗಳ ನಡುವಣ ಹೊಂದಿಕೆ ಸಡಿಲುವುದನ್ನು ಆ ಹೆಸರು ಸೂಚಿಸುತ್ತಿತ್ತು. ಕನ್ನಡದಲ್ಲಿ ಅದು 'ಛಿದ್ರಮನಸ್ಕತೆ' ಆದಾಗ, ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳಿರುವ ಸ್ಥಿತಿಯೆಂಬ ತಪ್ಪು ಕಲ್ಪನೆಗೆ ಎಡೆಯಾಯಿತು. ಜಪಾನಿನಲ್ಲಿಯೂ 'ಮನಸ್ಸು ಒಡೆದ ರೋಗ' ಎಂಬರ್ಥದ ಹೆಸರೇ ಬಳಕೆಯಲ್ಲಿತ್ತು. ಅದು ಕಳಂಕಕ್ಕೆ ಕಾರಣವಾಗುತ್ತಿದೆಯೆಂದು 2002ರಲ್ಲಿ ಅಲ್ಲಿನ ವೈದ್ಯರು ಹೆಸರನ್ನೇ ಬದಲಿಸಿದರು.

ಹೆಸರುಗಳು ಒಂದೇ ಆದರೂ ಅವುಗಳ ಪ್ರಯೋಗ ಒಂದೇ ಆಗಿರಲಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೀನಿಯಾ ಹೆಚ್ಚೆಂದೂ ಬ್ರಿಟನ್ನಿನಲ್ಲಿ ಖಿನ್ನತೆ-ಉನ್ಮಾದಗಳು ಹೆಚ್ಚೆಂದೂ ಅಂಕಿಅಂಶಗಳು ತೋರಿಸುತ್ತಿದ್ದವು. ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ರೋಗಿಗಳನ್ನು ಒಂದೇ ಪ್ರಶ್ನಾವಳಿಯಿಂದ ಪರೀಕ್ಷಿಸಿದಾಗ ಈ ಅಂತರ ಬಹುಮಟ್ಟಿಗೆ ಕರಗಿತು. 1972ರಲ್ಲಿ ಪ್ರಕಟವಾದ ಆ ಅಧ್ಯಯನದ ತಾತ್ಪರ್ಯ ಸ್ಪಷ್ಟವಾಗಿತ್ತು: ವ್ಯತ್ಯಾಸವಿದ್ದದ್ದು ಹೆಚ್ಚಾಗಿ ವೈದ್ಯರ ರೂಢಿಯಲ್ಲಿಯೇ ಹೊರತು ರೋಗಿಗಳಲ್ಲಲ್ಲ. ಈ ಅವ್ಯವಸ್ಥೆಗೆ ಉತ್ತರವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ರಾಬರ್ಟ್ ಸ್ಪಿಟ್ಜರ್ ಅವರ ನೇತೃತ್ವದಲ್ಲಿ ತನ್ನ ಕೈಪಿಡಿಯ ಮೂರನೆಯ ಆವೃತ್ತಿಯನ್ನು ಹೊರತಂದಿತು. ಪ್ರತಿ ರೋಗಕ್ಕೂ ಇಂತಿಷ್ಟು ಲಕ್ಷಣಗಳು, ಇಂತಿಷ್ಟು ಕಾಲ ಎಂಬ ನಿಯಮ ಅಲ್ಲಿಂದ ರೂಢವಾಯಿತು. 2013ರ ಐದನೆಯ ಆವೃತ್ತಿಯ ಪ್ರಕಾರ, ತೀವ್ರ ಖಿನ್ನತೆಯೆನ್ನಲು ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು ಎರಡು ವಾರಗಳ ಕಾಲ ಇರಬೇಕು. ಅವುಗಳಲ್ಲಿ ಕುಗ್ಗಿದ ಮನಸ್ಸು ಅಥವಾ ಆಸಕ್ತಿಯ ನಾಶ ಇವೆರಡರಲ್ಲೊಂದು ಸೇರಿರಲೇಬೇಕು.

ಈ ಕ್ರಮದಿಂದ ವೈದ್ಯರ ನಡುವಣ ಒಮ್ಮತ ಹೆಚ್ಚಿತೆಂಬುದು ನಿರ್ವಿವಾದ. ಆದರೆ ಗಡಿಗಳು ಮನುಷ್ಯರು ಹಾಕಿಕೊಂಡವೆಂಬುದನ್ನು ಮರೆಯಲಾಗದು. ಸ್ಕಿಜೋಫ್ರೀನಿಯಾ ಎನ್ನಲು ಅಮೆರಿಕದ ಕೈಪಿಡಿಯು ಆರು ತಿಂಗಳ ಅವಧಿಯನ್ನು ಕೇಳುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ವರ್ಗೀಕರಣಕ್ಕೆ ಒಂದು ತಿಂಗಳು ಸಾಕು. ಅಲ್ಲದೆ ಈ ನಿಯಮಗಳು ವೈದ್ಯರು ತಮ್ಮತಮ್ಮಲ್ಲಿ ಮಾಡಿಕೊಂಡ ಒಪ್ಪಂದಗಳು. ವೈದ್ಯ ಮತ್ತು ರೋಗಿಯ ನಡುವೆ ಮಾತು ಹೇಗೆ ಸಾಗಬೇಕೆಂಬ ಪ್ರಶ್ನೆ ಇದರಿಂದ ಬಗೆಹರಿಯಲಿಲ್ಲ.

ಆ ಪ್ರಶ್ನೆಯನ್ನು ಕನ್ನಡ ನೆಲದಲ್ಲಿಯೇ ಎದುರಿಸಿದ ಒಂದು ಮಹತ್ವದ ಅಧ್ಯಯನ ನಮ್ಮ ಮುಂದಿದೆ. ಶಿವರಾಮ ಕಾರಂತರ ಹುಟ್ಟೂರೆಂದು ಪ್ರಸಿದ್ಧವಾದ, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದು 1997ರಿಂದ ಉಡುಪಿ ಜಿಲ್ಲೆಯಲ್ಲಿರುವ ಕೋಟದಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಬ್ರಾಹ್ಮಣ, ಬಂಟ, ಮೊಗೇರ ಸಮುದಾಯಗಳನ್ನು ಅಧ್ಯಯನ ಮಾಡಿದರು. ಅದರ ಫಲವಾದ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' 1976ರಲ್ಲಿ ಪ್ರಕಟವಾಯಿತು. ಭಾರತದ ಸಂದರ್ಭಕ್ಕೆ ಒಪ್ಪುವ ಪ್ರಶ್ನಾವಳಿಯನ್ನು ಅವರು ಹೊಸದಾಗಿಯೇ ರೂಪಿಸಬೇಕಾಯಿತು. ಊರಿನವರು ವೈದ್ಯರು, ಮಂತ್ರವಾದಿಗಳು, ಪಾತ್ರಿಗಳು ಎಂಬ ಮೂರು ಬಗೆಯ ಪರಿಹಾರಕರ ಬಳಿಗೂ, ಜೊತೆಗೆ ಆಧುನಿಕ ವೈದ್ಯರ ಬಳಿಗೂ ಹೋಗುತ್ತಿದ್ದುದನ್ನು ಅವರು ದಾಖಲಿಸಿದರು. ಪಾತ್ರಿಯ ಮೈಮೇಲೆ ದೈವ ಬರುವುದು ಸಮಾಜ ಒಪ್ಪಿದ ಪಾತ್ರ, ಅದನ್ನು ರೋಗವೆನ್ನಲಾಗದು. 1992ರ ಹತ್ತನೆಯ ಅಂತರರಾಷ್ಟ್ರೀಯ ವರ್ಗೀಕರಣವೂ, ಆವೇಶವು ಇಚ್ಛೆಗೆ ವಿರುದ್ಧವಾಗಿ, ಸಂಸ್ಕೃತಿ ಒಪ್ಪಿದ ಸಂದರ್ಭದ ಹೊರಗೆ ಬಂದರೆ ಮಾತ್ರ ರೋಗವೆಂದಿತು. ಅದೇ 1976ರಲ್ಲಿ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು, ಮನೋವೈದ್ಯವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೆಂಬುದಕ್ಕೆ ಸಾಕ್ಷಿಯಾಗಿದೆ.

ಕೋಟದಲ್ಲಿ ರೋಗಿಯ ನುಡಿ ಊರಿನ ನುಡಿಯೇ ಆಗಿತ್ತು. ಹೊರನಾಡಿನಲ್ಲಿ ಸ್ಥಿತಿ ಬೇರೆ. ಪಾರಸಿ ಮೂಲದ 'ಬೇಜಾರು' ಎಂಬೊಂದು ಪದವನ್ನೇ ನೋಡಬಹುದು. ಸಾವಿನ ಮನೆಯ ದುಃಖ, ಕೆಲಸವಿಲ್ಲದವನ ಬೇಸರ, ಮಾತಿಗೆ ನೊಂದವನ ಮುನಿಸು ಇವೆಲ್ಲವೂ ಕನ್ನಡದಲ್ಲಿ 'ಬೇಜಾರು'. ಮರಾಠಿಯಲ್ಲಿ ಅದೇ ಪದಕ್ಕೆ ಕಾಟದಿಂದ ಬೇಸತ್ತು ಹಣ್ಣಾದ ಎಂಬರ್ಥ. ಉರ್ದುವಿನಲ್ಲಿ ಜಿಗುಪ್ಸೆಗೊಂಡ, ವಿಮುಖನಾದ ಎಂಬರ್ಥ. ಮಗನೊಡನೆ ಇರಲು ಹುಬ್ಬಳ್ಳಿಯಿಂದ ಪುಣೆಗೆ ಬಂದ ವೃದ್ಧೆಯೊಬ್ಬಳು ವೈದ್ಯರೆದುರು "ಬೇಜಾರು" ಎಂದರೆ, ಅದು ಕುಗ್ಗಿದ ಮನಸ್ಸೋ, ಆಸಕ್ತಿಯ ನಾಶವೋ, ಸೊಸೆಯ ಮೇಲಿನ ಮುನಿಸೋ? ಕೈಪಿಡಿಯ ನಿಯಮ ಈ ವ್ಯತ್ಯಾಸದ ಮೇಲೆಯೇ ನಿಂತಿದೆ. ಅನುವಾದಿಸುವವನು ಮಗನೇ ಆದಾಗ, ಆಕೆ ಹೇಳಬೇಕಾದ ಮಾತುಗಳಲ್ಲಿ ಕೆಲವು ಹೊರಬರದೆಯೂ ಇರಬಹುದು.

ಇದರ ಪರಿಣಾಮ ಆಸ್ಪತ್ರೆಯ ಕಡತಕ್ಕಷ್ಟೇ ಸೀಮಿತವಲ್ಲ. 1912ರ ಕಾಯಿದೆಯ ದೃಷ್ಟಿಯಲ್ಲಿ ಚಿತ್ತಸ್ವಾಸ್ಥ್ಯವಿಲ್ಲದವರೆಲ್ಲರೂ 'ಲ್ಯೂನಟಿಕ್' ಎಂಬ ಒಂದೇ ಪದಕ್ಕೆ ಒಳಪಟ್ಟಿದ್ದರು. 1987ರ ಕಾಯಿದೆ ಆ ಪದವನ್ನು ಕೈಬಿಟ್ಟಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮಾನ್ಯ ವೈದ್ಯಕೀಯ ಮಾನದಂಡಗಳಿಗನುಸಾರವಾಗಿಯೇ ರೋಗವನ್ನು ನಿರ್ಣಯಿಸಬೇಕೆಂದೂ, ಸಮಾಜದ ನೈತಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಹೊಂದಿಕೊಳ್ಳದಿರುವುದನ್ನು ಆಧಾರವಾಗಿ ಪರಿಗಣಿಸಬಾರದೆಂದೂ ವಿಧಿಸಿದೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ನೀಡಬೇಕೆಂದೂ ಅದು ಹೇಳುತ್ತದೆ. ಕಾನೂನು ಒಪ್ಪಿದ ಈ ಹಕ್ಕು ಆಚರಣೆಗೆ ಬರಬೇಕಾದರೆ ರೋಗಿಯ ಭಾಷೆಯನ್ನು ಬಲ್ಲವರ ನೆರವು ಅಗತ್ಯ.

ಈ ಹಿನ್ನೆಲೆಯಲ್ಲಿ ಹೊರನಾಡಿನ ಕನ್ನಡ ಸಂಶೋಧನೆಗೆ ಒಂದು ಕಾರ್ಯಕ್ಷೇತ್ರ ತೆರೆದಿದೆಯೆಂದು ನಾವು ಭಾವಿಸುತ್ತೇವೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳ ಕನ್ನಡಿಗರು ಸಂಕಟವನ್ನು ಹೇಳಿಕೊಳ್ಳುವ ಮಾತುಗಳನ್ನು ಪ್ರದೇಶ, ವಯಸ್ಸು, ಸಂದರ್ಭಗಳೊಡನೆ ಸಂಗ್ರಹಿಸಬೇಕು. ನೆರೆನುಡಿಗಳ ಸಹವಾಸದಲ್ಲಿ ಅವುಗಳ ಅರ್ಥ ಸರಿದಿರುವ ಬಗೆಯನ್ನು ಗುರುತಿಸಬೇಕು. ಆ ಪದಕೋಶವನ್ನು ಸ್ಥಳೀಯ ವೈದ್ಯರ ಕೈಗಿಡಬೇಕು. ರೋಗವನ್ನು ನಿರ್ಣಯಿಸುವ ಕೆಲಸ ವೈದ್ಯರದು. ರೋಗಿಯು ಆಡಿದ ಮಾತು ಅವರಿಗೆ ಅದೇ ಅರ್ಥದಲ್ಲಿ ತಲುಪುವಂತೆ ಮಾಡುವುದರಲ್ಲಿ ಭಾಷಾಸಂಶೋಧಕರಿಗೂ ಪಾಲಿದೆ.